ಎರಡು ಸೀಟಿನ ಸೈಕಲ್ಲು, ಅಪ್ಪನ ಬಲಗಣ್ಣು

ಪಾಲಾರಿವಟ್ಟಂನಲ್ಲಿ ಇನ್ನೂ ಗದ್ದೆಗಳಿದ್ದ ಕಾಲ. ಈಗ ಮೆಟ್ರೋ ಕಂಬಗಳು ಸಾಲಾಗಿ ನಿಂತಿರುವ ಕಡೆ ಆಗ ತೆಂಗಿನ ಸಿಪ್ಪೆ ಕೊಳೆಹಾಕುವ ಹೊಂಡಗಳಿದ್ದವು. ಆ ನಾತ ಮೂಗಿಗೆ ಬಡಿಯಿತೆಂದರೆ ಮನೆ ಬಂತು ಎಂದರ್ಥ. ಎರ್ನಾಕುಲಂಗೆ ಹೋಗುವ ಬಸ್ಸು ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಬಸ್ಸಿಗೆ ಕಾಯುವುದೆಂದರೆ ನನಗೆ ಮೈಯೆಲ್ಲ ತುರಿಕೆ. ಬಸ್ಸೇ ಏನು, ಯಾವುದಕ್ಕೂ ಕಾಯಲು ನನ್ನಿಂದ ಆಗುತ್ತಿರಲಿಲ್ಲ. ಆಗ ನನಗೆ ಹದಿಮೂರು, ಉದ್ದ ಮಾತ್ರ ಹದಿನೇಳರದ್ದು. ಕಾನ್ವೆಂಟಿನ ಸಿಸ್ಟರ್ ಬೆನೆಡಿಕ್ಟಾ ಪ್ರತಿ ಟರ್ಮಿನ ರಿಪೋರ್ಟ್ ಕಾರ್ಡಿನಲ್ಲೂ ಓರೆ ಅಕ್ಷರದಲ್ಲಿ ‘ರೆಸ್ಟ್‌ಲೆಸ್’ ಎಂದು ಬರೆಯುತ್ತಿದ್ದರು. ಅಮ್ಮನಿಗೆ ಆ ಇಂಗ್ಲಿಷ್ ಬೇಕಿರಲಿಲ್ಲ. “ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು” ಎನ್ನುತ್ತಿದ್ದಳು.

ನಾವು ಕಾಸರಗೋಡಿನವರು. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮೂರಿನ ಜಮೀನಿನ ತಕರಾರುಗಳ ಕನ್ನಡ ಕಾಗದಪತ್ರಗಳು ಎರ್ನಾಕುಲಂನ ಕೋರ್ಟಿಗೆ ಬರತೊಡಗಿದವು. ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿ ಕೊಡುವ ಕೆಲಸಕ್ಕೆ ಅಪ್ಪ ಬಂದರು, ಅವರ ಹಿಂದೆ ಅಮ್ಮ, ನಾನು. ಬಂದು ಎರಡು ವರ್ಷವಾಗುವಷ್ಟರಲ್ಲಿ ಅಪ್ಪನ ಎರಡು ಕಣ್ಣಿಗೂ ಪೊರೆ ಬಂತು. ಎಡಗಣ್ಣಿನಲ್ಲಿ ಭೂತಗನ್ನಡಿ ಹಿಡಿದು ಓದುವಷ್ಟು ನೋಟವಿತ್ತು. ಬಲಗಣ್ಣು ದಿನೇದಿನೇ ಮಂಜಾಗುತ್ತಿತ್ತು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಪೊರೆ ಬಂದ ಕೂಡಲೇ ಆಪರೇಷನ್ ಮಾಡುತ್ತಿರಲಿಲ್ಲ. ಅದು ಹಣ್ಣಾಗಬೇಕು, ಅಲ್ಲಿಯವರೆಗೆ ಕಾಯಬೇಕು. ಕಣ್ಣು ನೋಡಿದ ಡಾಕ್ಟರು, “ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದ ಬೆರಳೆಣಿಸಿ. ಒಂದು ಮೊಳ ದೂರದಲ್ಲಿ ಹಿಡಿದ ಬೆರಳು ಯಾವತ್ತು ಲೆಕ್ಕಕ್ಕೆ ಸಿಗುವುದಿಲ್ಲವೋ ಅವತ್ತು ಟ್ರಿವೇಂಡ್ರಂಗೆ ಹೊರಡಿ. ತಡ ಮಾಡಬೇಡಿ, ಹಣ್ಣು ಮೀರಿದರೂ ಅಪಾಯ” ಎಂದಿದ್ದರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಬೆರಳು ತೋರಿಸುವ ಕೆಲಸ ನನ್ನದಾಯಿತು. ಅಮ್ಮನಿಗೆ ಅದನ್ನು ನೋಡುವ ಧೈರ್ಯವಿರಲಿಲ್ಲ. ಒಳಗೆ ದೋಸೆ ಹೊಯ್ಯುತ್ತ, “ಎಂತ ಆಯ್ತು?” ಎಂದು ಕೇಳುತ್ತಿದ್ದಳು. “ಸರಿ ಹೇಳಿದ್ರು” ಎಂದು ನಾನು ಕೂಗಿದರೆ ಮುಂದಿನ ದೋಸೆ ಕಾವಲಿಗೆ ಬೀಳುತ್ತಿತ್ತು.

ಆ ಮಳೆಗಾಲದಲ್ಲಿ ಅಪ್ಪ ಬಸ್ಸಿನ ಮೆಟ್ಟಿಲು ಕಾಣದೆ ಬಿದ್ದರು. ಮೊಣಕಾಲು ಒಡೆದು ಬಂದವರನ್ನು ಕಂಡು ಅಮ್ಮ ಬಸ್ಸಿಗೂ ಅವರ ಹಳೆಯ ಸೈಕಲ್ಲಿಗೂ ಒಟ್ಟಿಗೇ ನಿಷೇಧ ಹಾಕಿದಳು. ಮತ್ತೆ ನನ್ನ ಶಾಲೆಯ ಹತ್ತಿರವೇ ಇದ್ದ ಕೋರ್ಟಿಗೆ ಅವರು ಹೋಗುವುದು ಹೇಗೆ? ಅದಕ್ಕೆ ದಾರಿ ತೋರಿಸಿದವರು ಜಂಕ್ಷನ್ನಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ವರೀದ್ ಚೇಟ್ಟನ್. ಚೇಟ್ಟನ್ ಎಂದರೆ ಇಲ್ಲಿನವರ ಅಣ್ಣ. ಊರು ಬಿಟ್ಟುಹೋದ ಬಿಳಿಯ ದಂಪತಿಗಳ ಸಾಮಾನುಗಳ ನಡುವೆ, ಮಟ್ಟಾಂಚೇರಿಯ ಒಂದು ಕರಿಮೆಣಸಿನ ಗೋದಾಮಿನ ಮೂಲೆಯಲ್ಲಿ, ಅವರಿಗೆ ಅದು ಸಿಕ್ಕಿತ್ತು. ಟ್ಯಾಂಡೆಮ್. ಒಂದೇ ಸೈಕಲ್ಲು, ಎರಡು ಸೀಟು, ಎರಡು ಹ್ಯಾಂಡಲ್, ನಾಲ್ಕು ಪೆಡಲ್. ಹಿಂದಿನ ಹ್ಯಾಂಡಲ್ ಹಿಡಿದುಕೊಳ್ಳಲಷ್ಟೇ, ತಿರುಗುವುದಿಲ್ಲ.

“ಸಾರ್‌ಗೆ ಕಾಲು ಉಂಟು, ಮಗಳಿಗೆ ಕಣ್ಣು ಉಂಟು. ಇನ್ನೇನು ಬೇಕು?” ಎಂದರು ವರೀದ್ ಚೇಟ್ಟನ್, ನನ್ನನ್ನು ನೋಡುತ್ತ.

ಅದನ್ನು ಮಟ್ಟಾಂಚೇರಿಯಿಂದ ತಂದದ್ದೇ ಒಂದು ರಾಮಾಯಣ. ದೋಣಿಯೊಳಗೆ ಅಡ್ಡ ಇಟ್ಟರೆ ಎರಡೂ ಬದಿ ಹೊರಗೆ ಚಾಚುತ್ತಿತ್ತು. ಉದ್ದ ಇಟ್ಟರೆ ಜನ ಕೂರಲು ಜಾಗವಿಲ್ಲ. ಎರ್ನಾಕುಲಂ ಜೆಟ್ಟಿ ಬರುವಷ್ಟರಲ್ಲಿ ಅರ್ಧ ದೋಣಿಯ ಬಿಳಿ ಮುಂಡುಗಳಿಗೆ ಅದರ ಚೈನಿನ ಗ್ರೀಸು ಅಂಟಿತ್ತು. ಅದಕ್ಕೆಲ್ಲ ಕೈಮುಗಿದು ಕ್ಷಮೆ ಕೇಳಿದವರು ಅಪ್ಪ. ಆದರೆ ಅವರಿಗೆ ಯಾರು ಬಯ್ಯುತ್ತಿದ್ದಾರೆಂದು ಕಾಣದೆ, ಕೈ ಮುಗಿದದ್ದೆಲ್ಲ ದೋಣಿಯ ಕಂಬಕ್ಕೆ.

ಹಿಂದಿನದು ಮದಾಮೆಯ ಸೀಟು, ಲಂಗಕ್ಕೆ ಅನುಕೂಲವಾಗಲೆಂದು ಅದರ ಮುಂದೆ ಅಡ್ಡ ಬಾರ್ ಇರಲಿಲ್ಲ. ಮುಂದಿನದು ಸಾಹೇಬನದು, ಬಾರ್ ಇತ್ತು. ನಮ್ಮ ಸಂಸಾರದಲ್ಲಿ ಅದು ತಿರುಗಾಮುರುಗಾ ಆಯಿತು. ಪಂಚೆಯ ಮೇಲೆ ಕೋಟು ಹಾಕಿದ ಅಪ್ಪ ಮದಾಮೆಯ ಸೀಟಿನಲ್ಲಿ, ಪಿನಫೋರ್ ತೊಟ್ಟ ನಾನು ಬಾರಿನ ಮೇಲೆ ಕಾಲು ಹಾರಿಸಿ ಸಾಹೇಬನ ಸೀಟಿನಲ್ಲಿ. ಸಾಹೇಬನ ಅಳತೆಗೆ ನನ್ನ ಉದ್ದದ ಕಾಲೂ ಸಾಲದೆಂದು ವರೀದ್ ಚೇಟ್ಟನ್ ನನ್ನ ಪೆಡಲುಗಳಿಗೆ ಮರದ ತುಂಡು ಕಟ್ಟಿಕೊಟ್ಟರು. ಗೇಟಿನಲ್ಲಿ ನಿಂತು ನೋಡಿದ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸಿಟ್ಟೋ ನಗುವೋ ತಿಳಿಯಲಿಲ್ಲ.

“ನಿಮ್ಮ ಕಣ್ಣು ಸರಿಯಾಗುವ ತನಕ ಮಾತ್ರ” ಎಂದಳು. “ಆಪರೇಷನ್ ಆದ ಮರುದಿನವೇ ಈ ಸರ್ಕಸ್ಸು ಬಂದ್. ಇವಳು ಬೇರೆ ಹುಡುಗಿಯರ ಜೊತೆ ಬಸ್ಸಿನಲ್ಲಿ ಹೋಗ್ಲಿ. ಹೆಣ್ಣು ದೊಡ್ಡವಳಾಗ್ತಾ ಬಂತು.”

ಆ ಮಾತು ನನ್ನ ಕಿವಿಗೆ ಬಿತ್ತು. ಆಗ ಅದಕ್ಕೆ ಬೆಲೆ ಕೊಡಲಿಲ್ಲ. ನನಗೆ ಹೊರಡುವ ಅವಸರ.

ಆ ಸೈಕಲ್ಲಿನ ಕಷ್ಟ ಹೇಳಿದರೆ ಮುಗಿಯುವುದಿಲ್ಲ. ನಾಲ್ಕು ಪೆಡಲೂ ಒಂದೇ ಚೈನಿನ ಲೆಕ್ಕದಲ್ಲಿ ತಿರುಗುತ್ತಿದ್ದವು. ನಾನು ಏನಾದರೂ ಕಂಡು ಕಾಲು ನಿಲ್ಲಿಸಿದರೆ ಹಿಂದೆ ಅಪ್ಪನ ಮೊಣಕಾಲಿನ ಕೆಳಗೆ ಪೆಡಲಿನ ಪೆಟ್ಟು. ನಾನು ನಿಲ್ಲಿಸದೆ ಇರುವವಳೂ ಅಲ್ಲ. ಹೊರಡುವಾಗ ಇಬ್ಬರೂ ಒಟ್ಟಿಗೆ ಬಲಗಾಲಿನ ಪೆಡಲು ಒತ್ತಬೇಕು. ಒಬ್ಬರು ಅರೆಗಳಿಗೆ ತಡಮಾಡಿದರೆ ಇಬ್ಬರೂ ಬೇಲಿಯ ಮೇಲೆ. ಬ್ರೇಕು ಒಬ್ಬರ ಭಾರಕ್ಕೆ ಮಾಡಿದ್ದೆಂದು ಕಾಣುತ್ತದೆ, ಇಳಿಜಾರಿನಲ್ಲಿ ಹಿಡಿದರೆ ಕೀರಲು ಕೂಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಆ ಅಳತೆಯ ಟೈರು ಊರಿನಲ್ಲೆಲ್ಲೂ ಸಿಗದು. ವರೀದ್ ಚೇಟ್ಟನ್ ಹರಿದ ಟೈರಿನೊಳಗೆ ಇನ್ನೊಂದು ಹರಿದ ಟೈರು ತುರುಕಿ, “ಇನ್ನು ಎರಡು ಭಾನುವಾರ ಓಡ್ತದೆ” ಎಂದು ಗ್ಯಾರಂಟಿ ಕೊಡುತ್ತಿದ್ದರು. ಕೋರ್ಟಿನ ಗೇಟಿನಲ್ಲಿ ತಿರುಗಿಸಲು ಇಳಿದು, ದೋಣಿಯನ್ನು ದಡಕ್ಕೆ ಎಳೆಯುವಂತೆ ಹಿಂಭಾಗವನ್ನು ಎತ್ತಿ ಇಡಬೇಕು. ಮಳೆ ಬಂದರೆ ಅಪ್ಪ ಹಿಂದಿನಿಂದ ಇಬ್ಬರ ಮೇಲೂ ಕೊಡೆ ಹಿಡಿಯುತ್ತಿದ್ದರು. ಕಾಯಲಿನ, ಅಂದರೆ ಹಿನ್ನೀರಿನ, ಕಡೆಯಿಂದ ಗಾಳಿ ಎದ್ದಿತೆಂದರೆ ಕೊಡೆ ಹಾಯಿಯಾಗಿ, ಹೋಗಬೇಕಾದ ದಿಕ್ಕು ಬಿಟ್ಟು ಹೋಟೆಲ್ಲಿನ ಜಗಲಿಗೆ ನುಗ್ಗಿದ್ದೂ ಉಂಟು.

ಒಂದು ದಿನ ಪೊಲೀಸಿನವನು ಅಡ್ಡಗಟ್ಟಿದ. ಸೈಕಲ್ಲಿನಲ್ಲಿ ಇಬ್ಬರು ಹೋಗುವುದು ಆಗ ಅಪರಾಧ.

“ಡಬಲ್ಸ್ ಹೋಗಬಾರದೆಂದು ಗೊತ್ತಿಲ್ಲವಾ ಸಾರೇ?”

“ಡಬಲ್ಸ್ ಎಂದರೆ ಒಬ್ಬರ ಸೈಕಲ್ಲಿನಲ್ಲಿ ಇಬ್ಬರು” ಎಂದರು ಅಪ್ಪ, ಕೋರ್ಟಿನ ಮಲಯಾಳದಲ್ಲಿ. “ಇದು ಇಬ್ಬರ ಸೈಕಲ್ಲು. ಇದರಲ್ಲಿ ಒಬ್ಬನೇ ಹೋದರೆ ಬೇಕಾದರೆ ಹಿಡಿಯಿರಿ.”

ಅವನು ಸೈಕಲ್ಲಿಗೆ ಒಂದು ಪ್ರದಕ್ಷಿಣೆ ಬಂದು, “ಹಾಗಾದರೆ ಬೆಲ್ಲೂ ಎರಡು ಬೇಕಲ್ಲ” ಎಂದ. ಅಪ್ಪ ಯೋಚಿಸಿ, “ಅದು ಸರಿ” ಎಂದು ಒಪ್ಪಿದರು. ಮರುದಿನದಿಂದ ಹಿಂದಿನ ಹ್ಯಾಂಡಲಿಗೂ ಒಂದು ಬೆಲ್ಲು ಬಂತು. ಅಪ್ಪನಿಗೆ ಎದುರು ಯಾರಿದ್ದಾರೆಂದು ಕಾಣದು, ಸುಮ್ಮನೆ ಬಾರಿಸುತ್ತಲೇ ಇರುತ್ತಿದ್ದರು. ಜನ ಮೊದಲೇ ಗದ್ದೆಗೆ ಇಳಿದು ನಿಲ್ಲುತ್ತಿದ್ದರು.

ಇಷ್ಟೆಲ್ಲ ಇದ್ದರೂ ಆ ಸೈಕಲ್ಲು ನನಗೆ ಯಾಕೆ ಅಷ್ಟು ಹುಚ್ಚು ಹಿಡಿಸಿತು? ಇಬ್ಬರು ತುಳಿಯುವ ವೇಗ ಒಬ್ಬರಿಗೆ ಎಂದೂ ಬರುವುದಿಲ್ಲ. ತೆಂಗಿನ ತೋಪಿನ ನಡುವಿನ ನೇರ ದಾರಿಯಲ್ಲಿ ಲಯ ಕೂಡಿತೆಂದರೆ ಕಾಲಿನ ಶ್ರಮವೇ ತಿಳಿಯದೆ ಗಾಳಿ ಪಿನಫೋರಿನೊಳಗೆ ತುಂಬುತ್ತಿತ್ತು. ಕ್ಲಾಸಿನಲ್ಲಿ “ಸಿಟ್ ಸ್ಟಿಲ್, ಚೈಲ್ಡ್” ಎಂದು ದಿನಕ್ಕೆ ಹತ್ತು ಸಲ ಕೇಳುವ ನನಗೆ ಇಲ್ಲಿ ಕೂತೇ ಓಡುವ ಕೆಲಸ ಸಿಕ್ಕಿತ್ತು. ಅಲ್ಲದೆ ನಾನು ಹೇಳದಿದ್ದರೆ ಅಪ್ಪನಿಗೆ ದಾರಿಯೇ ಇಲ್ಲ. “ಹಳ್ಳ.” “ಗಾಡಿ ಬಂತು.” “ಏರು, ತುಳೀರಿ.” ನಾನು ಬಾಯಿ ಮುಚ್ಚದ ಹುಡುಗಿ, ನನ್ನ ಬಾಯಿಗೆ ಮೊದಲ ಸಲ ಉದ್ಯೋಗ ದೊರೆತಿತ್ತು.

ಸೈಕಲ್ಲಿನ ಮೇಲೆ ಕನ್ನಡವೇ ಆಗಬೇಕೆಂದು ಅಪ್ಪನ ಕಟ್ಟಪ್ಪಣೆ. ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳಿದರೆ ನಾನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದೆ.

“ವೈರಿನ ಮೇಲೆ ಒಂದು ಬ್ಲೂ ಹಕ್ಕಿ, ಕಿಂಗ್‌ಫಿಷರ್” ಎನ್ನುತ್ತಿದ್ದೆ.

“ಅದಕ್ಕೊಂದು ಹೆಸರಿಲ್ವಾ ಮಗಾ? ಮಿಂಚುಳ್ಳಿ ಹೇಳು.”

“ಮಿಂಚುಳ್ಳಿ. ಈಗ ಹಾರಿತು.”

“ಬಾಯಲ್ಲಿ ಮೀನುಂಟಾ?”

ಮೀನಿರಲಿಲ್ಲ. ಆದರೂ “ಉಂಟು, ದೊಡ್ಡದು” ಎಂದೆ. ಹಾಗೆ ಶುರುವಾಯಿತು. ಇಲ್ಲದ ಆನೆ, ಇಲ್ಲದ ಮದುವೆ ದಿಬ್ಬಣ, ತೋಡಿಗೆ ಬಿದ್ದ ಇಲ್ಲದ ದಪ್ಪ ವಕೀಲ. ಅಪ್ಪ ಹಿಂದೆ ನಗುವಾಗ ಇಡೀ ಸೈಕಲ್ಲು ಅಲುಗುತ್ತಿತ್ತು. ಇವತ್ತು ಈ ನಾಲ್ಕು ಪುಟ ಬರೆಯುವಷ್ಟು ಕನ್ನಡ ನನಗೆ ಬಂದದ್ದು ಯಾವ ಶಾಲೆಯಿಂದಲೂ ಅಲ್ಲ, ಆ ದಾರಿಯಿಂದ.

ಕ್ರಿಸ್ಮಸ್ ರಜೆ ಮುಗಿದ ಮೇಲಿನ ಒಂದು ಭಾನುವಾರ. ಅಪ್ಪ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು. ನಾನು ಎರಡು ಬೆರಳು ಹಿಡಿದೆ.

“ಮೂರು” ಎಂದರು ಅಪ್ಪ.

ಹಣ್ಣಾಯಿತು ಎಂದು ಗೊತ್ತಾಯಿತು. ಟ್ರಿವೇಂಡ್ರಂ, ಆಪರೇಷನ್, ಮರುದಿನವೇ ಸರ್ಕಸ್ಸು ಬಂದ್. ಒಳಗಿನಿಂದ ಅಮ್ಮ, “ಎಂತ ಆಯ್ತು?” ಎಂದಳು. ನಾನು ಇನ್ನೊಂದು ಬೆರಳು ಎತ್ತಿದೆ. ಈಗ ಮೂರಾಯಿತು.

“ಸರಿ ಹೇಳಿದ್ರು.”

ದೋಸೆ ಚುಂಯ್ ಎಂದಿತು.

ಮುಂದಿನ ವಾರ ನಾಲ್ಕು ಹಿಡಿದೆ. ಅಪ್ಪ ಮೂರು ಎಂದರು. ಒಂದನ್ನು ಮಡಚಿದೆ. ಅದರ ಮುಂದಿನ ವಾರ ನಾನೇ ಬೇಕೆಂದು ಮೂರು ಹಿಡಿದೆ, ಆವತ್ತು ಸುಳ್ಳು ಹೇಳುವ ಕಷ್ಟ ತಪ್ಪಿತು ಎಂದು ಸಮಾಧಾನಪಟ್ಟೆ. ಕನ್‌ಫೆಷನ್ನಿಗೆ ಹೋಗುವ ನನ್ನ ಕ್ಲಾಸಿನ ಹುಡುಗಿಯರನ್ನು ಕಂಡರೆ ಹೊಟ್ಟೆಕಿಚ್ಚು. ಮಾಡಿದ ತಪ್ಪನ್ನು ಪಾದ್ರಿಗೆ ಹೇಳಿ ಕೈತೊಳೆದುಕೊಳ್ಳಲು ಅವರಿಗೆ ಒಂದು ಕಿಟಕಿ ಇತ್ತು. ನಾನು ಮಾತ್ರ ಸೋಮವಾರ ಬೆಳಗಾಗುವುದನ್ನೇ ಕಾಯುತ್ತ ರಾತ್ರಿಯೆಲ್ಲ ಚಾಪೆಯ ಮೇಲೆ ಹೊರಳುತ್ತಿದ್ದೆ. ಸೈಕಲ್ಲು ಹತ್ತಿದ ಮೇಲೆ ಎಲ್ಲ ಮರೆಯುತ್ತಿತ್ತು. ತುಳಿಯುತ್ತಿರುವಾಗ ಪಾಪ ಹಿಂದೆ ಬೀಳುತ್ತದೆ, ನಿಂತ ಕೂಡಲೇ ಬಂದು ಹಿಡಿಯುತ್ತದೆ.

ಮಾರ್ಚಿನ ಕೊನೆಗೆ ನನ್ನ ಪರೀಕ್ಷೆ ಮುಗಿಯಿತು. ಶಾಲೆಯಿಲ್ಲದಿದ್ದರೂ ಅಪ್ಪನನ್ನು ಬಿಟ್ಟು, ಕೋರ್ಟಿನ ಮರದಡಿ ಸಂಜೆಯವರೆಗೆ ಕೂತು ಕರೆತರುತ್ತಿದ್ದೆ. ಆಗಲೇ ಅಪ್ಪನಿಗೆ ಬಲಗಡೆ ತಲೆನೋವು ಶುರುವಾದದ್ದು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. “ಬಿಸಿಲು ಮಾರಾಯ್ತಿ, ಮತ್ತೇನಲ್ಲ” ಎಂದರು ಅಮ್ಮನಿಗೆ. ಅಮ್ಮ ಅರೆಮನಸ್ಸಿನಿಂದ, “ಒಮ್ಮೆ ಟ್ರಿವೇಂಡ್ರಂಗೆ ಹೋಗಿ ತೋರಿಸುವ. ಹೇಗೂ ಬಿಸು ಬಂತು, ಇನ್ನು ಹದಿನೈದು ದಿವಸ. ಮನೆಯಲ್ಲಿ ಕಣಿ ನೋಡಿಯೇ ಹೊರಡುವ. ಕಣ್ಣಿನ ಕೆಲಸಕ್ಕೆ ಹೋಗುವವರು ಕಣಿ ನೋಡದೆ ಹೋಗ್ಬಾರ್ದು” ಎಂದಳು. ನಮ್ಮ ಕಡೆಯ ಬಿಸುವೇ ಇಲ್ಲಿನವರ ವಿಷು. ಹೊಸ ವರ್ಷದ ದಿನ ಕಣ್ಣು ಬಿಟ್ಟ ಕೂಡಲೇ ಒಳ್ಳೆಯದನ್ನೇ ನೋಡಬೇಕೆಂದು ಹಿಂದಿನ ದಿನವೇ ದೇವರ ಮುಂದೆ ಹೂ, ಹಣ್ಣು, ಬಂಗಾರ, ಕನ್ನಡಿ ಜೋಡಿಸಿಡುವುದು ಕಣಿ. ಹದಿನೈದು ದಿವಸ ಎಂಬ ಮಾತು ಕೇಳಿ ನನಗೆ ಆದ ಸಂತೋಷವನ್ನು ಬರೆಯಲು ಈಗಲೂ ಕೈ ಹಿಂದೆ ಮುಂದೆ ನೋಡುತ್ತದೆ.

ಬಿಸುವಿನ ಬೆಳಗಿನ ಜಾವ ಅಮ್ಮ ಅಪ್ಪನ ಕಣ್ಣು ಮುಚ್ಚಿ ಕೈಹಿಡಿದು ತಂದು ಕಣಿಯ ಮುಂದೆ ಕೂರಿಸಿದಳು. ಹಿತ್ತಾಳೆ ದೀಪ, ಹೊಳೆಯುವ ಹಳದಿ ಸೌತೆಕಾಯಿ, ಕೊನ್ನೆ, ಅಂದರೆ ಕಕ್ಕೆ ಹೂವಿನ ಗೊಂಚಲು. “ನೋಡಿ” ಎಂದು ಕೈ ತೆಗೆದಳು. ದೀಪದ ಬೆಳಕು ಬಡಿದದ್ದೇ ಅಪ್ಪ ಬಲಗಣ್ಣು ಒತ್ತಿಕೊಂಡು ಮುಂದಕ್ಕೆ ಬಾಗಿದರು. ಅಮ್ಮ ಗಲ್ಲ ಹಿಡಿದು ಮುಖವೆತ್ತಿದಳು. ದಾಸವಾಳದಂತೆ ಕೆಂಪಾದ ಕಣ್ಣಿನ ನಡುವೆ ಹಾಲಿನ ಹನಿಯಂಥ ಬಿಳುಪು. ಅವಳು ಮೆಲ್ಲಗೆ ಅವರ ಎಡಗಣ್ಣಿನ ಮೇಲೆ ಅಂಗೈ ಇಟ್ಟು, ಸೌತೆಕಾಯಿಯನ್ನು ಮುಖದ ಹತ್ತಿರ ಹಿಡಿದಳು.

“ಇದೆಂತ, ಹೇಳಿ.”

“ಹೂವು” ಎಂದರು ಅಪ್ಪ.

ಅಮ್ಮ ಸೌತೆಕಾಯಿಯನ್ನು ತಟ್ಟೆಯಲ್ಲಿ ಇಟ್ಟಳು. ನನ್ನ ಕಡೆ ತಿರುಗಿ, “ಕಳೆದ ಭಾನುವಾರ ಸರಿ ಹೇಳಿದ್ರು ಅಂದ್ಯಲ್ಲಾ?” ಎಂದಳು.

“ಹೌದಮ್ಮ. ಹೋದ ವಾರ ಕಾಣ್ತಿತ್ತು” ಎಂದೆ. ಕಣಿಯ ಮುಂದೆಯೇ ಹೇಳಿದೆ.

ಬಿಸುವಿನ ಎರಡನೆಯ ದಿನ ನಾವು ಮೂವರೂ ಟ್ರಿವೇಂಡ್ರಂ ರೈಲಿನಲ್ಲಿದ್ದೆವು. ಅಲ್ಲಿ ಡಾಕ್ಟರು ಕಣ್ಣು ನೋಡಿ, “ಇದು ಯಾವಾಗಲೋ ಹಣ್ಣಾಗಿದೆಯಲ್ಲ. ಇಷ್ಟು ದಿನ ಏನು ಮಾಡುತ್ತಿದ್ದಿರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಅದನ್ನು ಅಮ್ಮನಿಗೆ ಕನ್ನಡದಲ್ಲಿ ತಿರುಗಿಸಿ ಹೇಳಲಿಲ್ಲ. ಭಾಷಾಂತರಕಾರರಾಗಿದ್ದ ಅಪ್ಪ ಉದ್ದೇಶಪೂರ್ವಕವಾಗಿ ಬಿಟ್ಟ ಒಂದೇ ವಾಕ್ಯ ಅದಿರಬೇಕು.

ಆಪರೇಷನ್ ಆದ ಮೇಲೆ ಅಪ್ಪನ ಎರಡು ಕಣ್ಣಿಗೂ ಪಟ್ಟಿ. ತಲೆ ಕದಲದಂತೆ ಎರಡೂ ಕಡೆ ಮರಳಿನ ಚೀಲ. ಒಂಬತ್ತು ದಿನ ಹಾಗೆಯೇ ಮಲಗಿರಬೇಕು. ಅಮ್ಮ ಹತ್ತಿರದ ಬಾಡಿಗೆ ಕೋಣೆಯಲ್ಲಿ ಗಂಜಿ ಬೇಯಿಸುತ್ತಿದ್ದಳು, ನಾನು ಅಪ್ಪನ ಪಕ್ಕದ ಸ್ಟೂಲಿನ ಮೇಲೆ. ಕೂತಲ್ಲಿ ಕೂರದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ಸಿಸ್ಟರೂ ಕೊಟ್ಟಿರಲಿಲ್ಲ. ಕಿಟಕಿಯಾಚೆ ಆ ಊರಿನ ರಸ್ತೆಗಳು ಏರಿ ಇಳಿದು ಏರುತ್ತಿದ್ದವು. ನಮ್ಮ ಟ್ಯಾಂಡೆಮ್ಮಿನ ಬ್ರೇಕಿಗೆ ಇಲ್ಲಿ ಏನು ಗತಿ ಎಂದು ಲೆಕ್ಕ ಹಾಕುತ್ತ ಸ್ಟೂಲಿನ ಮೇಲೆಯೇ ಕಾಲು ತುಳಿಯುತ್ತಿದ್ದೆ.

ನಾಲ್ಕನೆಯ ದಿನ ಅಂಗಳದಲ್ಲಿ ಕಾಲಿಲ್ಲದ ಒಬ್ಬರು ಮೂರು ಚಕ್ರದ ಸೈಕಲ್ಲಿನಲ್ಲಿ ಬಂದರು. ಎದೆಯ ಮುಂದಿನ ಪೆಡಲನ್ನು ಕೈಯಿಂದ ತಿರುಗಿಸುವುದು, ಅದರಿಂದಲೇ ದಿಕ್ಕು ಬದಲಿಸುವುದು. ಗೇಟಿನವನು ನಮಸ್ಕಾರ ಮಾಡಿದಾಗ ಅವರು ವಾಪಸು ಕೈ ಎತ್ತಿದರು, ಸೈಕಲ್ಲು ನೇರ ಹೋಗಿ ಹೂವಿನ ಕುಂಡಕ್ಕೆ ಹೊಡೆಯಿತು. ಅದನ್ನು ಅಪ್ಪನಿಗೆ ಹೇಳಿದೆ.

“ನಿಜವಾ, ಕಟ್ಟಿ ಹೇಳುವುದಾ?” ಎಂದರು. ನಗಬಾರದೆಂದು ಡಾಕ್ಟರು ಹೇಳಿದ್ದರು, ತುಟಿ ಮಾತ್ರ ಅಲುಗಿತು.

“ಇದು ನಿಜ ಅಪ್ಪ” ಎಂದೆ. ಎಂದವಳಿಗೆ ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. “ಬೆರಳಿನದ್ದು ಸುಳ್ಳು. ಕ್ರಿಸ್ಮಸ್ಸಿನಿಂದ ಸುಳ್ಳು. ನೀವು ತಪ್ಪು ಹೇಳಿದ್ರಿ, ನಾನು ಸರಿ ಅಂದೆ.”

ಪಟ್ಟಿ ಕಟ್ಟಿದ ಮುಖದಲ್ಲಿ ಏನನ್ನು ಓದುವುದು? ಅವರ ಕೈ ಹಾಸಿಗೆಯ ಮೇಲೆ ಹುಡುಕುತ್ತ ಬಂದು ನನ್ನ ಮಣಿಕಟ್ಟು ಹಿಡಿಯಿತು.

“ಪ್ರತಿ ವಾರ ನಾನು ಎಷ್ಟು ಹೇಳ್ತಿದ್ದೆ?”

“ಮೂರು.”

“ಪ್ರತಿ ವಾರ ಮೂರು. ಕಾಣುವವ ಹಾಗೆ ಹೇಳ್ತಾನಾ ಮಗಾ?”

“ಮತ್ತೆ ಯಾಕೆ...”

“ಹೆದರಿಕೆ. ಕಣ್ಣಿಗೆ ಕತ್ತಿ ಹಾಕ್ತಾರೆ ಅಂದ್ರೆ ಹೆದರಿಕೆ.” ಮಣಿಕಟ್ಟು ಬಿಡದೆ ಅಂದರು, “ಮತ್ತೆ, ಆ ಸೈಕಲ್ಲು ನಿನಗೊಬ್ಬಳಿಗೇ ಬೇಕಾದದ್ದು ಅಂದ್ಕೊಂಡ್ಯಾ?”

ಅಮ್ಮ ಗಂಜಿಯ ಪಾತ್ರೆ ಹಿಡಿದು ಬಾಗಿಲಲ್ಲಿ ಕಾಣಿಸಿದಳು. ಅಪ್ಪ ಕೈ ಬಿಟ್ಟರು.

ಒಂಬತ್ತನೆಯ ದಿನ ಪಟ್ಟಿ ಬಿಚ್ಚಿದಾಗ ಬಲಗಣ್ಣಿನಲ್ಲಿ ಬೆಳಕೇ ಇರಲಿಲ್ಲ. ಪೊರೆ ಹಣ್ಣು ಮೀರಿ, ಒತ್ತಡಕ್ಕೆ ಒಳಗಿನ ನರ ಸತ್ತಿತ್ತು. ಎಡಗಣ್ಣಿಗೆ ಮರುವರ್ಷ, ಒಂದು ದಿನವೂ ತಡಮಾಡದೆ, ಆಪರೇಷನ್ ಆಯಿತು. ಸೀಸೆಯ ತಳದಷ್ಟು ದಪ್ಪದ ಕನ್ನಡಕದಲ್ಲಿ ಅಪ್ಪ ಪೆನ್ಷನ್ನಿನವರೆಗೂ ಕಾಗದಪತ್ರ ಓದಿದರು. ಆದರೆ ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಮುಂದಿನ ಸೀಟು ಅವರಿಗೆ ಆಗಲಿಲ್ಲ, ಹಿಂದಿನದಕ್ಕೆ ಅಮ್ಮ ಬಿಡಲಿಲ್ಲ. ಟ್ಯಾಂಡೆಮ್ಮನ್ನು ವರೀದ್ ಚೇಟ್ಟನ್ ವಾಪಸು ಒಯ್ದು, ನಡುವೆ ಕತ್ತರಿಸಿ ಬೆಸೆದು ಒಬ್ಬರ ಸೈಕಲ್ಲು ಮಾಡಿದರಂತೆ. ನಾನು ನೋಡಲು ಹೋಗಲಿಲ್ಲ. ಬಸ್ ಸ್ಟಾಪಿನಲ್ಲಿ ಹುಡುಗಿಯರ ಜೊತೆ ಕಾಯುವುದನ್ನು ಕಲಿತೆ. ಮುಂದಿನ ರಿಪೋರ್ಟ್ ಕಾರ್ಡಿನಲ್ಲಿ ‘ಮಚ್ ಇಂಪ್ರೂವ್ಡ್’ ಎಂದಿತ್ತು.

ಈಗ ನನ್ನ ಎರಡು ಕಣ್ಣಿನ ಪೊರೆಯೂ ತೆಗೆದಾಗಿದೆ. ಹಣ್ಣಾಗಲು ಯಾರೂ ಕಾಯಿಸಲಿಲ್ಲ. ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮನೆಯಲ್ಲಿದ್ದೆ. ಗದ್ದೆ ಹೋಯಿತು, ಸಿಪ್ಪೆ ಹೊಂಡದ ನಾತವೂ ಹೋಯಿತು. ಮನೆಯಲ್ಲಿ ಮಿಂಚುಳ್ಳಿ ಎಂದರೆ ತಿಳಿಯುವವರು ಯಾರೂ ಉಳಿದಿಲ್ಲ. ಇವೆಲ್ಲ ಕಾಲದ ಜೊತೆ ಹೋಗುವಂಥವು, ನಾನು ದೂರುವುದಿಲ್ಲ. ಅಪ್ಪನಿಗೆ ನಾನು ಹೇಳಿದ್ದೆ, ಅಪ್ಪ ಆ ತಪ್ಪಿನಲ್ಲಿ ತಮ್ಮ ಪಾಲನ್ನು ತೆಗೆದುಕೊಂಡಿದ್ದರು.

ಅಮ್ಮನಿಗೆ ಮಾತ್ರ ಹೇಳಲಿಲ್ಲ. ಅಪ್ಪ ಹೋದ ಮೇಲೂ ಅಮ್ಮ ಇಪ್ಪತ್ತು ವರ್ಷ ಬದುಕಿದ್ದಳು. ಪ್ರತಿ ವರ್ಷ ಬಿಸು ಬಂದಾಗ ಕೊನ್ನೆ ಹೂ ಬಿಡಿಸುತ್ತ, “ಆ ಹದಿನೈದು ದಿವಸ ನಾನು ತಡೆಯದಿದ್ದರೆ ಅವರ ಕಣ್ಣು ಉಳೀತಿತ್ತು. ಕಣಿ ಕಣಿ ಅಂತ ಕೂತೆ” ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಸೌತೆಕಾಯಿ ಒರೆಸಿ ಕೊಡುತ್ತಿದ್ದೆ. ಹದಿನೈದು ದಿವಸವಲ್ಲ ಅಮ್ಮ, ಮೂರು ತಿಂಗಳು, ಅದು ನಿನ್ನದಲ್ಲ, ನನ್ನದು ಎಂದು ಹೇಳಲು ನನಗೆ ಅಷ್ಟು ಬಿಸುಗಳು ಸಿಕ್ಕಿದ್ದವು.